ಗೆರೆ ಎಳೆದವರು

ಆ ಗೆರೆಯನ್ನು ನನ್ನ ಮಗಳು ಎಳೆಯಲಿಲ್ಲ. ಕೊನೆಯವರೆಗೆ ಕಾಯಿಸಿ ಹೇಳುವಂಥ ಗುಟ್ಟೇನೂ ಇದಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಆ ಆಫೀಸಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷದ ಹುಡುಗಿಯ ತಲೆಯ ಮೇಲೆ ಗೂಬೆ ಕೂರಿಸಲು ಹೊರಟರಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉರಿಯುವುದು, ಗೂಬೆ ಕೂರಿಸುವ ಆ ಕಾಗದವನ್ನು ನಾನೇ ನನ್ನ ಕೈಯಾರೆ ಟೈಪ್ ಮಾಡಿದೆನಲ್ಲ ಎಂದು.

ನಾನೂ ಮಗಳೂ ಈ ಊರಿಗೆ ಬಂದದ್ದು ಎರಡು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ ಮತ್ತು ಒಂದು ಟೇಬಲ್ ಫ್ಯಾನಿನ ಜೊತೆ. ಹಿಂದಿನ ಊರಿನಲ್ಲಿ ಎಂಟು ವರ್ಷ ಒಬ್ಬ ಮುದಿ ವಕೀಲರ ಹತ್ತಿರ ಪ್ಯಾರಾಲೀಗಲ್ ಆಗಿದ್ದೆ. ಅಂದರೆ ವಾದ ಮಾಡುವುದೊಂದನ್ನು ಬಿಟ್ಟು ವಕೀಲರ ಉಳಿದೆಲ್ಲ ಕೆಲಸ: ಕಾಗದಪತ್ರ ಜೋಡಿಸುವುದು, ಕರಡು ಬರೆಯುವುದು, ತಾರೀಕು ತಪ್ಪದ ಹಾಗೆ ನೋಡಿಕೊಳ್ಳುವುದು, ಅಳುವ ಕಕ್ಷಿದಾರರಿಗೆ ನೀರು ಕೊಡುವುದು. ಅವರ ಕಣ್ಣು ಮಂಜಾಗಿ ಆಫೀಸು ಮುಚ್ಚಿದರು. ಅಷ್ಟು ಚಿಕ್ಕ ಊರಿನಲ್ಲಿ ಈ ಕೆಲಸಕ್ಕೆ ಇನ್ನೊಬ್ಬರು ಯಾರೂ ಜನ ಇಟ್ಟುಕೊಳ್ಳುವುದಿಲ್ಲ. ಪತ್ರಿಕೆಯ ಜಾಹೀರಾತು ನೋಡಿ ಇಲ್ಲಿಗೆ ಅರ್ಜಿ ಹಾಕಿದೆ, ಕರೆದರು, ಬಂದೆ.

ಮಗುವಿನ ಅಪ್ಪ ನಮ್ಮನ್ನು ಬಿಟ್ಟುಹೋಗಿ ನಾಲ್ಕು ವರ್ಷವಾಯಿತು. ಇಲ್ಲಿ ಅವನಿಗೆ ಇದಕ್ಕಿಂತ ಹೆಚ್ಚು ಜಾಗ ಕೊಡುವ ಮನಸ್ಸಿಲ್ಲ.

"ಅಷ್ಟು ದೂರ ಒಬ್ಬಳೇ ಮಗು ಕಟ್ಕೊಂಡು ಹೋಗ್ತೀಯಾ?" ಎಂದು ಅಣ್ಣ ಫೋನಿನಲ್ಲಿ ಕೂಗಾಡಿದ. "ಮೂರೇ ತಿಂಗಳು. ಪೆಟ್ಟಿಗೆ ಸಮೇತ ವಾಪಸ್ ಬರ್ತೀಯ, ನೋಡ್ತಿರು."

ಆಫೀಸಿನವರೂ ಮೂರು ತಿಂಗಳನ್ನೇ ಹೇಳಿದ್ದರು. ಮೂರು ತಿಂಗಳು ಪರೀಕ್ಷೆಯ ಮೇಲೆ, ಆಮೇಲೆ ಕಾಯಂ ಮಾಡಿದ ಪತ್ರ. ಅಣ್ಣನೂ ಅವರೂ ಮಾತಾಡಿಕೊಂಡಿರಲಿಲ್ಲ, ಆದರೂ ಇಬ್ಬರೂ ಸೇರಿ ಗಡಿಯಾರ ಇಟ್ಟುಕೊಂಡು ನನ್ನನ್ನು ಓಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಮನೆ ಹುಡುಕುವಾಗಲೇ ಅರ್ಧ ರಕ್ತ ಕುದಿದಿತ್ತು. "ಮನೆಯವರು ಏನ್ ಕೆಲಸ ಮಾಡ್ತಾರೆ?" ಎಂದು ಕೇಳದ ಮಾಲೀಕರಿಲ್ಲ. ನಾಲ್ಕನೆಯವರಿಗೆ "ನಾನೇ ಮನೆಯವರು" ಎಂದೆ. ಬಾಗಿಲು ಹಾಕಿಕೊಂಡರು. ಐದನೆಯವರು ಕೊಟ್ಟದ್ದು ಮೂರನೇ ಮಹಡಿಯ ಒಂದು ಕೋಣೆ. ಕಿಟಕಿಯ ಪಕ್ಕದ ಗೋಡೆಯಲ್ಲಿ ನೀರಿಳಿದು ಸುಣ್ಣ ಹಪ್ಪಳೆ ಏಳುತ್ತಿತ್ತು. "ಚಿತ್ರ ಗಿತ್ರ ಹಚ್ಕೊಳಿ, ಕಾಣಲ್ಲ" ಎಂದರು. ಮಗಳು ಆ ಮಾತನ್ನು ನಿಜವಾಗಿ ತೆಗೆದುಕೊಂಡಳು. ದಿನಕ್ಕೊಂದು ಚಿತ್ರ ಬರೆದು ಅಂಟಿಸತೊಡಗಿದಳು.

ಅವಳನ್ನು ನಾನು ಕಡ್ಡಿ ಎಂದು ಕರೆಯುತ್ತೇನೆ. ಮೈ ಹಾಗೇ ಇದೆ, ಉರಿಯುವುದೂ ಬೆಂಕಿಕಡ್ಡಿಯ ಹಾಗೆಯೇ. ಶಾಲೆ ಮೂರು ಗಂಟೆಗೆ ಬಿಡುತ್ತದೆ, ನನ್ನ ಆಫೀಸು ಆರಕ್ಕೆ. ಸಂದರ್ಶನದಲ್ಲೇ ಇದನ್ನು ಬಾಯಿಬಿಟ್ಟು ಹೇಳಿದ್ದೆ. ಆಫೀಸಿನ ಹಿರಿಯ ವಕೀಲರು, ಅಲ್ಲಿ ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಾರೆ, ಕುರ್ಚಿಗೆ ಒರಗಿ ಕೈಯಾಡಿಸಿದರು.

"ಅದಕ್ಕೇನಮ್ಮ, ಒಂದು ಮೂಲೇಲಿ ಕೂತಿರ್ಲಿ. ನಾವೇನು ಮನುಷ್ಯರಲ್ವಾ?"

ಆಮೇಲೆ ಬಂದುಹೋದ ಪ್ರತಿ ಕಕ್ಷಿದಾರರಿಗೂ ಕಡ್ಡಿಯನ್ನು ತೋರಿಸಿ, "ನಮ್ಮ ಆಫೀಸಲ್ಲಿ ಹೀಗೆ, ಮಕ್ಕಳಿಗೂ ಜಾಗ ಇದೆ" ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದರು. ಮೂಲೆ ಎಂದರೆ ಫೈಲು ಕೋಣೆಯಲ್ಲಿ ಎರಡು ಕಬ್ಬಿಣದ ಕಪಾಟುಗಳ ನಡುವಿನ ಜಾಗ. ಕಾಲು ಚಾಚಿದರೆ ಬಾಗಿಲಿಗೆ ತಾಗುತ್ತದೆ.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಅವರ ಲೆಕ್ಕದಲ್ಲಿ ತಪ್ಪು. ನಮ್ಮ ಮುದಿ ವಕೀಲರು ಕಲಿಸಿದ ಒಂದು ಪಾಠವಿತ್ತು: ಫೈಲು ಕೈಗೆ ಬಂದ ತಕ್ಷಣ, ಕೊಟ್ಟವರ ಮುಂದೆಯೇ, ಹಾಳೆ ಎಣಿಸಬೇಕು. ಎಣಿಸಿ ರಟ್ಟಿನ ಒಳಬದಿಗೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಕೊಡುವಾಗಲೂ ಹಾಗೆಯೇ. ಇಲ್ಲಿನ ಗುಮಾಸ್ತರು ಇಪ್ಪತ್ತೈದು ವರ್ಷದಿಂದ ಆ ಆಫೀಸಿನ ಕಂಬದ ಹಾಗೆ ನಿಂತವರು. ಅವರು ಕೊಟ್ಟ ಮೊದಲ ಫೈಲನ್ನು ನಾನು ಎಣಿಸುತ್ತಾ ಹನ್ನೆರಡನೇ ಹಾಳೆಗೆ ಬಂದಿದ್ದೆ.

"ಏನಮ್ಮಾ, ನಾನು ತಿಂದ್ಕೊಂಡಿದೀನಾ?" ಎಂದರು.

"ಅಯ್ಯೋ, ಹಾಗಲ್ಲ ಸಾರ್, ಅಭ್ಯಾಸ."

"ಇಲ್ಲಿ ಆ ಅಭ್ಯಾಸ ಇಲ್ಲ. ಇಲ್ಲಿ ಒಬ್ಬರನ್ನೊಬ್ಬರು ನಂಬ್ತೀವಿ." ಅಷ್ಟಕ್ಕೇ ಬಿಡದೆ ಒಳಗೆ ಹೋಗಿ, "ಪ್ಯಾರಾಚೂಟ್ ಅಮ್ಮ ನಮ್ಮ ಫೈಲೆಲ್ಲ ತಪಾಸಣೆ ಮಾಡ್ತಾ ಇದಾರೆ" ಎಂದು ಹೇಳಿದರು. ಎಲ್ಲರೂ ನಕ್ಕರು. ಪ್ಯಾರಾಲೀಗಲ್ ಪ್ಯಾರಾಚೂಟ್ ಆಗಿ, ಆ ಹೆಸರು ಅಂಟಿಕೊಂಡಿತು.

ಹೊಸ ಊರು, ಹೊಸ ಜನ, ಮೂರು ತಿಂಗಳ ಗಡುವು. ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆಗೆ ಎಣಿಸುವುದನ್ನು ಬಿಟ್ಟೆ. ಇದು ನನ್ನ ತಪ್ಪು. ಇದನ್ನು ನಾನು ಯಾರ ಮೇಲೂ ಹಾಕುವುದಿಲ್ಲ.

ದೊಡ್ಡವರಿಗೂ ಒಂದು ಅಭ್ಯಾಸವಿತ್ತು. ಅವರ ಜೇಬಿನಲ್ಲಿ ಸದಾ ಒಂದು ಹಸಿರು ಶಾಯಿಯ ಪೆನ್ನು. ಆಫೀಸಿನಲ್ಲಿ ಬೇರೆ ಯಾರೂ ಹಸಿರು ಬಳಸುವಂತಿಲ್ಲ. ಕರಡು ತಿದ್ದಿ ಮುಗಿದ ಮೇಲೆ, ಫೋನಿನಲ್ಲಿ ಮಾತಾಡುತ್ತಲೇ, ಬೇಡವಾದ ಹಾಳೆಗೆ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಸರ್ರನೆ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಕೊನೆಗೆ ಒಂದು ಸಣ್ಣ ಕೊಕ್ಕೆ. ಆಮೇಲೆ ಅದು ರದ್ದಿ ಟ್ರೇಗೆ. ಹಾಳೆಯ ಹಿಂಬದಿ ಖಾಲಿ ಇರುತ್ತದಲ್ಲ, ಅದರ ಮೇಲೆ ಚಿತ್ರ ಬರೆಯಬಹುದೆಂದು ಕಡ್ಡಿಗೆ ಹೇಳಿದವರೂ ಅವರೇ.

ನಾನು ಅದಕ್ಕೊಂದು ಕಾನೂನು ಸೇರಿಸಿದ್ದೆ. "ಹಸಿರು ಗೆರೆ ಇರೋ ಹಾಳೆ ಮಾತ್ರ ತಗೋಬೇಕು. ಗೆರೆ ಇಲ್ದೇ ಇರೋದು ಟ್ರೇಯಲ್ಲೇ ಬಿದ್ದಿದ್ರೂ ಮುಟ್ಟಬಾರದು. ತಿಳೀತಾ?"

"ಗೆರೆ ಇದ್ರೆ ನಂದು, ಇಲ್ದಿದ್ರೆ ಅವರ್ದು" ಎಂದು ಒಪ್ಪಿಕೊಂಡಿದ್ದಳು.

ಎರಡು ತಿಂಗಳು ಎಂಟು ದಿನ ಕಳೆಯಿತು. ಒಂದು ಮಂಗಳವಾರ ಒಬ್ಬ ಅಡುಗೆಯಮ್ಮ ಬಂದರು. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಅಡುಗೆ ಮಾಡಿದವರು. ಮನೆಯ ಯಜಮಾನರು ಸಾಯುವ ಮುಂಚೆ ಎರಡು ಹಾಳೆಯ ಪತ್ರವೊಂದನ್ನು ಟೈಪ್ ಮಾಡಿಸಿ ಕೊಟ್ಟಿದ್ದರು. ನೀವು ಬದುಕಿರುವವರೆಗೆ ಹಿತ್ತಲ ಕೋಣೆಯಲ್ಲಿ ಇರಬಹುದು, ಯಾರೂ ಎಬ್ಬಿಸುವಂತಿಲ್ಲ ಎಂದು ಮೊದಲ ಹಾಳೆಯಲ್ಲಿ. ಸಹಿ, ತಾರೀಕು, ಸಾಕ್ಷಿ ಎರಡನೆಯದರಲ್ಲಿ. ಈಗ ಯಜಮಾನರ ಮಕ್ಕಳು ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಎಂದು ಹೇಳಿದ್ದರು. ಅಡುಗೆಯಮ್ಮ ಆ ಪತ್ರವನ್ನು ದಿಂಬಿನ ಚೀಲದೊಳಗಿಂದ, ಪ್ಲಾಸ್ಟಿಕ್ ಕವರಿನೊಳಗಿಂದ, ಮತ್ತೊಂದು ಕವರಿನೊಳಗಿಂದ ಬಿಚ್ಚಿ ಕೊಟ್ಟರು.

"ಜೋಪಾನ ಕಣಮ್ಮ" ಎಂದು ನನಗೇ ಹೇಳಿ ಹೋದರು.

ಜೆರಾಕ್ಸ್ ಮಿಷನ್ನು ಕೆಟ್ಟಿತ್ತು. ನಾಳೆ ಪ್ರತಿ ತೆಗೆಯೋಣ ಎಂದು ಗುಮಾಸ್ತರು ಅದನ್ನು ಫೈಲಿಗೆ ಹಾಕಿ ನಾನು ಬರೆದ ನೋಟಿಸಿನ ಕರಡಿನ ಜೊತೆ ದೊಡ್ಡವರ ಮೇಜಿಗೆ ಕಳಿಸಿದರು. ಬುಧವಾರ ಸಂಜೆ ಫೈಲು ನನ್ನ ಕೈಗೆ ವಾಪಸ್ ಬಂತು. ಎಣಿಸಲಿಲ್ಲ. ಗುಮಾಸ್ತರು ಎದುರಿಗೇ ನಿಂತಿದ್ದರು, ನಗುತ್ತಿದ್ದರು. ನಾನೂ ನಕ್ಕೆ.

ಶುಕ್ರವಾರ ಮಧ್ಯಾಹ್ನ ಮಿಷನ್ನು ಸರಿಹೋಯಿತು. ಪ್ರತಿ ತೆಗೆಯಲು ಫೈಲು ಬಿಚ್ಚಿದರೆ ಪತ್ರದ ಎರಡನೇ ಹಾಳೆ ಮಾತ್ರ ಇತ್ತು. ಸೋಮವಾರ ಕೋರ್ಟಿನಲ್ಲಿ ಮೂಲಪತ್ರವನ್ನು ತೋರಿಸಿ ತಡೆಯಾಜ್ಞೆ ಕೇಳಬೇಕು. ಆಫೀಸಿಗೆ ಆಫೀಸೇ ಅಲ್ಲೋಲಕಲ್ಲೋಲ. ಕಪಾಟು, ಡ್ರಾಯರು, ಕಸದ ಬುಟ್ಟಿ, ಎಲ್ಲ ಜಾಲಾಡಿದೆವು. ಕೊನೆಗೆ ಗುಮಾಸ್ತರು ಫೈಲು ಕೋಣೆಗೆ ಹೋಗಿ ಕಡ್ಡಿಯ ಶಾಲೆಯ ಚೀಲವನ್ನು ನೆಲಕ್ಕೆ ಸುರಿದರು. ಕೇಳಲಿಲ್ಲ, ಸುರಿದರು. ಡಬ್ಬಿ, ಪುಸ್ತಕ, ಮುರಿದ ಬಣ್ಣದ ಕಡ್ಡಿಗಳ ಮಧ್ಯೆ ಹಿಂದಿನ ದಿನದ ಚಿತ್ರ ಬಿತ್ತು. ಲಿಫ್ಟಿನೊಳಗೆ ನಿಂತ ಒಂದು ನಾಯಿ, ಪಕ್ಕದಲ್ಲಿ ನೀಲಿ ಮರ.

ತಿರುಗಿಸಿದರು. ಅಡುಗೆಯಮ್ಮನ ಮೊದಲ ಹಾಳೆ.

"ಸಿಕ್ತು ನೋಡಿ ಕಳ್ಳಿ!" ಎಂದು ಅವರು ಅದನ್ನು ಎತ್ತಿಹಿಡಿದು ಹೊರಗೆ ಬಂದರು.

ಕಡ್ಡಿ ಹಿಂದೆಯೇ ಓಡಿಬಂದಳು. "ಗೆರೆ ಇತ್ತಮ್ಮಾ! ನಾನು ನೋಡಿಯೇ ತಗೊಂಡೆ! ಟ್ರೇಯಲ್ಲಿತ್ತು, ಗೆರೆ ಇತ್ತು!"

"ಮಕ್ಕಳು ಸಿಕ್ಕಿಬಿದ್ದಾಗ ಹೀಗೇ ಹೇಳೋದು" ಎಂದರು ಗುಮಾಸ್ತರು. "ಗೆರೆನೂ ಇವಳೇ ಎಳೆದಿರ್ತಾಳೆ."

"ನನ್ ಹತ್ರ ಹಸಿರು ಇಲ್ವೇ ಇಲ್ಲ!" ಕಡ್ಡಿ ಕಿರುಚಿದಳು. "ಮುಗ್ದು ಹೋಗಿದೆ! ಅದಕ್ಕೇ ಮರ ನೀಲಿ ಮಾಡಿದ್ದು!"

ಹಾಳೆ ನನ್ನ ಕೈಗೆ ಬಂತು. ಮೂಲೆಯಿಂದ ಮೂಲೆಗೆ ಹಸಿರು ಶಾಯಿಯ ಗೆರೆ. ಕೊನೆಗೆ ಕೊಕ್ಕೆ. ಎಲ್ಲ ಅರ್ಥವಾಯಿತು. ಬಿಳಿ ಹಾಳೆ, ಟೈಪ್ ಅಕ್ಷರ, ಸಹಿ ಇಲ್ಲದ ಮೊದಲ ಪುಟ. ಫೋನಿನಲ್ಲಿ ಮಾತಾಡುತ್ತಾ ಕರಡೆಂದುಕೊಂಡು ಎಳೆದುಬಿಟ್ಟಿದ್ದಾರೆ. ನಾನು ತಲೆಯೆತ್ತಿ ನೋಡಿದೆ. ದೊಡ್ಡವರೂ ಆ ಗೆರೆಯನ್ನೇ ನೋಡುತ್ತಿದ್ದರು. ಅವರ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನನ್ನು ಮುಟ್ಟಿ ವಾಪಸ್ ಬಂತು. ಗುಮಾಸ್ತರು ಅದನ್ನು ಕಂಡರು. ಮೇಜಿನ ಆಚೆ ನಿಂತಿದ್ದ ಇಬ್ಬರು ಜೂನಿಯರ್ ವಕೀಲರೂ ಕಂಡರು. ಕಂಡು ತಂತಮ್ಮ ಫೈಲಿಗೆ ತಲೆ ಹಾಕಿದರು.

"ಒಳಗೆ ಬಾಮ್ಮ" ಎಂದರು ದೊಡ್ಡವರು.

ಒಳಗೆ ಬಾಗಿಲು ಹಾಕಿಕೊಂಡು ಬಹಳ ಮೆತ್ತಗೆ ಮಾತಾಡಿದರು. ಆದದ್ದು ಆಗಿಹೋಯಿತು, ಈಗ ಇದರಿಂದ ಪಾರಾಗುವ ದಾರಿ ನೋಡಬೇಕು. ಒಂದು ಅಫಿಡವಿಟ್ ಹಾಕಿದರೆ ಸಾಕು. ಆಫೀಸಿನ ಸಿಬ್ಬಂದಿಯ ಮಗು ತಿಳಿಯದೆ ಹಾಳೆಯ ಎರಡೂ ಬದಿಗೆ ಗೀಚಿದೆ, ಕ್ಷಮಿಸಬೇಕು ಎಂದು. ಫೈಲು ನನ್ನ ಸುಪರ್ದಿಯಲ್ಲಿ ಇದ್ದದ್ದರಿಂದ ನಾನೇ ಸಹಿ ಮಾಡಬೇಕು.

"ಆದ್ರೆ ಸಾರ್, ಗೆರೆ…"

"ಮಗು ಮಾಡಿದ್ದಕ್ಕೆ ಯಾರು ಏನಂತಾರೆ? ಜಡ್ಜು ನಕ್ಕು ಬಿಡ್ತಾರೆ. ಅದೇ ನಾನು ಅಂತಾದ್ರೆ ನಲವತ್ತು ವರ್ಷದ ಹೆಸರು ಮಣ್ಣುಪಾಲು." ಆಮೇಲೆ ಮೇಜಿನ ಮೇಲಿನ ಕ್ಯಾಲೆಂಡರನ್ನು ನನ್ನ ಕಡೆಗೆ ತಿರುಗಿಸಿದರು. "ನಿನ್ನ ಕಾಯಂ ಪತ್ರಕ್ಕೆ ಇನ್ನು ಎಷ್ಟು ದಿನ ಇದೆ? ಮೂರು ವಾರ ಅಲ್ವಾ? ಮಗು ಇರೋ ಹೆಂಗಸಿಗೆ ಈ ಊರಲ್ಲಿ ಬೇರೆ ಯಾರು ಕೆಲಸ ಕೊಡ್ತಾರೆ ಹೇಳು."

ಮಗುವಿಗೆ ಜಾಗ ಕೊಟ್ಟದ್ದು ಇದಕ್ಕಾ? ನಗುನಗುತ್ತಾ ಕೊಟ್ಟ ಆ ಮೂಲೆಗೆ ಇವತ್ತು ಈ ಬೆಲೆ ಕೇಳುತ್ತಿದ್ದಾರಾ? ಕೋಪ ನೆತ್ತಿಗೇರಿತು. ಆದರೆ ನೆತ್ತಿಗೇರಿದ ಕೋಪ ಬಾಯಿಗೆ ಇಳಿಯಲಿಲ್ಲ. ಅಣ್ಣನ ಮಾತು, ಮೂರನೇ ಮಹಡಿಯ ಕೋಣೆ, ಈಗಷ್ಟೇ ಗೆಳತಿಯೊಬ್ಬಳನ್ನು ಮಾಡಿಕೊಂಡಿದ್ದ ಕಡ್ಡಿಯ ಶಾಲೆ, ಎಲ್ಲ ಅಡ್ಡ ಬಂದವು. ನನ್ನ ಕುರ್ಚಿಗೆ ಬಂದು ಕುಳಿತೆ. ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದೆ. ಎಂಟು ವರ್ಷದಲ್ಲಿ ಎಷ್ಟೋ ಸುಳ್ಳು ಅಫಿಡವಿಟ್‌ಗಳನ್ನು ನೋಡಿ ಮೂಗು ಮುರಿದಿದ್ದೆ. ಇದನ್ನು ಒಂದೂ ಅಕ್ಷರ ತಪ್ಪಿಲ್ಲದೆ ಮುಗಿಸಿದೆ.

ಶನಿವಾರ ಬೆಳಿಗ್ಗೆ ನೋಟರಿಯ ಹತ್ತಿರ ಹೋದೆ. ಶಾಲೆಗೆ ರಜೆ, ಕಡ್ಡಿಯೂ ಜೊತೆಗಿದ್ದಳು. ಹಿಂದಿನ ದಿನದಿಂದ ಅವಳು ನನ್ನ ಹತ್ತಿರ ಹೆಚ್ಚು ಮಾತಾಡಿರಲಿಲ್ಲ. ನೋಟರಿ ಎಂದರೆ ಕೋರ್ಟಿನ ಕೆಳಮಹಡಿಯ ಮೆಟ್ಟಿಲಡಿಯಲ್ಲಿ ಮೇಜು ಹಾಕಿಕೊಂಡ ಒಬ್ಬ ವಯಸ್ಸಾದ ವಕೀಲರು. ಬಂದವರ ಮುಖ ನೋಡದೆ, "ಓದಿದೀರಾ? ಬರೆದಿರೋದೆಲ್ಲ ನಿಜಾನಾ?" ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಹೂಂ ಎನ್ನುವುದರೊಳಗೆ ಸೀಲು ಬಿದ್ದಿರುತ್ತದೆ. ನಮ್ಮ ಮುಂದೆ ಆರು ಜನ ಹೂಂ ಎಂದು ಹೋದರು.

ನನ್ನ ಸರದಿ ಬಂತು. ಕಾಗದ ಮೇಜಿನ ಮೇಲಿಟ್ಟೆ. ಮೇಜು ಸರಿಯಾಗಿ ಕಡ್ಡಿಯ ಮೂಗಿನ ಎತ್ತರಕ್ಕಿತ್ತು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು ಅವಳದು. ಬಸ್ಸಿನ ಬೋರ್ಡು, ಸೋಪಿನ ಪೊಟ್ಟಣ, ಯಾವುದನ್ನೂ ಬಿಡುವುದಿಲ್ಲ.

"ನನ್ನ ಅ…ಪ್ರಾಪ್ತ ಮಗಳು… ಸದರಿ ಹಾಳೆಯನ್ನು… ಎತ್ತಿಕೊಂಡು… ಅದರ ಎರಡೂ ಬದಿಗೆ… ಗೀಚಿ…ರುತ್ತಾಳೆ." ಬೆರಳು ಅಲ್ಲಿಯೇ ನಿಂತಿತು. "ಅಪ್ರಾಪ್ತ ಅಂದ್ರೆ ಏನಮ್ಮಾ?"

"ಚಿಕ್ಕವಳು ಅಂತ."

"ನಾನಾ?"

ತಲೆಯಾಡಿಸಿದೆ.

"ಎರಡೂ ಬದಿ ಅಲ್ಲ, ಒಂದೇ ಬದಿ" ಎಂದಳು. ಇದನ್ನು ತಪ್ಪಾಗಿ ಬರೆದವರು ಯಾರೋ ಬೇರೆಯವರು, ಅಮ್ಮ ಈಗ ಸರಿ ಮಾಡುತ್ತಾಳೆ ಎನ್ನುವ ನಂಬಿಕೆ ಆ ದನಿಯಲ್ಲಿತ್ತು. ಆಮೇಲೆ ಹಾಳೆಯ ಕೊನೆಯಲ್ಲಿ ನನ್ನ ಹೆಸರು ಕಂಡಿತು. ಅದನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ, "ನೀನೇ ಬರ್ದಿದ್ದಾ?" ಎಂದಳು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

"ಓದಿದೀರಾ? ಬರೆದಿರೋದೆಲ್ಲ ನಿಜಾನಾ?" ನೋಟರಿಯ ಕೈಯಲ್ಲಿ ಸೀಲು ಮೇಲೆದ್ದಿತ್ತು.

"ಅಲ್ಲ" ಎಂದೆ.

ಸೀಲು ಗಾಳಿಯಲ್ಲೇ ನಿಂತಿತು. ಆ ಮನುಷ್ಯ ಮೊದಲ ಬಾರಿಗೆ ಕಣ್ಣೆತ್ತಿ ನನ್ನ ಮುಖ ನೋಡಿದರು. "ಏನಂದ್ರಿ?"

"ನಿಜ ಅಲ್ಲ ಸಾರ್. ಸುಳ್ಳು. ಕೊಡಿ ಇತ್ಲಾಗೆ."

ಕಾಗದವನ್ನು ನಾಲ್ಕು ಚೂರು ಮಾಡಿ ಬ್ಯಾಗಿಗೆ ತುರುಕಿಕೊಂಡೆ. ಬೀದಿಗೆ ಬಂದು ಕಡ್ಡಿಯ ಕೈ ಹಿಡಿದು ಬಸ್ಸಿಗೆ ನಡೆದೆ. ಕೆಲಸ ಹೋಯಿತು ಎಂದುಕೊಂಡೆ. ಬಸ್ಸಿನಲ್ಲಿ ಕುಳಿತಾಗ ತಲೆ ಸ್ವಲ್ಪ ತಿಳಿಯಾಯಿತು. ಆಗ ಇನ್ನೊಂದು ವಿಷಯ ಹೊಳೆದು ಕೋಪ ಇಮ್ಮಡಿಯಾಯಿತು. ಎದುರು ಪಕ್ಷದ ವಕೀಲ ಏನನ್ನುತ್ತಾನೆ? ಮಗು ಬರೆದದ್ದು ಹಿಂಬದಿಗೆ, ಬಣ್ಣದ ಕಡ್ಡಿಯಲ್ಲಿ. ಮುಂಬದಿಯ ಗೆರೆ ಶಾಯಿಯದು, ಮಗುವಿನ ಕೈಯದಲ್ಲ. ಯಜಮಾನರೇ ಸಾಯುವ ಮೊದಲು ಮನಸ್ಸು ಬದಲಾಯಿಸಿ ಪತ್ರವನ್ನು ಹೊಡೆದುಹಾಕಿದ್ದರು, ಅದನ್ನು ಮುಚ್ಚಲು ಮಗುವಿನ ನೆಪ ಹೇಳುತ್ತಿದ್ದಾರೆ, ಅನ್ನುತ್ತಾನೆ. ಅಡುಗೆಯಮ್ಮನ ಕೋಣೆ ಅಲ್ಲಿಗೆ ಹೋಯಿತು. ದೊಡ್ಡವರು ನಲವತ್ತು ವರ್ಷದ ಅನುಭವಿ, ಇದು ಅವರಿಗೆ ಹೊಳೆದಿರಲಿಲ್ಲವೇ? ಹೊಳೆದೇ ಇತ್ತು. ತಮ್ಮ ಹೆಸರು ಉಳಿದರೆ ಸಾಕಾಗಿತ್ತು.

ಹಾಗಾದರೆ ಆ ಗೆರೆ ಅವರದೇ ಎಂದು ತೋರಿಸುವುದು ಹೇಗೆ? ಮನೆಗೆ ಬಂದು ಬಾಗಿಲು ತೆರೆದೆ. ಕಿಟಕಿಯ ಪಕ್ಕದ ಗೋಡೆಯಲ್ಲಿ ಕಡ್ಡಿಯ ಚಿತ್ರಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಮೊದಲಿನವುಗಳಲ್ಲಿ ಹಸಿರು ಮರ, ಆಮೇಲಿನವುಗಳಲ್ಲಿ ನೀಲಿ ಮರ.

ಒಂದರ ಟೇಪು ಬಿಡಿಸಿ ತಿರುಗಿಸಿದೆ. ಹಸಿರು ಗೆರೆ, ಕೊನೆಗೆ ಕೊಕ್ಕೆ. ಇನ್ನೊಂದನ್ನು ತಿರುಗಿಸಿದೆ. ಹಸಿರು ಗೆರೆ, ಕೊನೆಗೆ ಕೊಕ್ಕೆ.

"ನನ್ ಚಿತ್ರ ಯಾಕೆ ಕೀಳ್ತಾ ಇದೀಯಾ?" ಕಡ್ಡಿ ಸಿಡಿದಳು.

ನಾನು ನೆಲದ ಮೇಲೆ ಕುಳಿತು ಅವಳಿಗೆ ಎಲ್ಲವನ್ನೂ ಹೇಳಿದೆ. ಸುಳ್ಳು ಬರೆದದ್ದು ನಾನೇ ಎಂದೂ, ಹೆದರಿ ಬರೆದೆ ಎಂದೂ, ಅದು ನನ್ನ ತಪ್ಪೆಂದೂ ಹೇಳಿದೆ. ಅವಳು ಬಹಳ ಹೊತ್ತು ಕಾಲಿನ ಉಗುರನ್ನು ಕೀಳುತ್ತಾ ಕುಳಿತಳು.

"ಇವನ್ನೆಲ್ಲ ಕೋರ್ಟಿಗೆ ಕೊಡ್ಬೇಕಾ?"

"ಕೊಟ್ರೆ ನೀನು ಗೆರೆ ಎಳೆದಿಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ. ಅಡುಗೆಯಮ್ಮನ ಮನೆನೂ ಉಳಿಯುತ್ತೆ. ಆದ್ರೆ ನಿನ್ನ ಚಿತ್ರ, ನೀನು ಬೇಡ ಅಂದ್ರೆ ಬೇಡ."

"ಎಣಿಸಿ ತಗೋ" ಎಂದಳು. "ನನ್ನ ಮುಂದೆನೇ ಎಣಿಸು."

ಎಣಿಸಿದೆ. ನಲವತ್ತೊಂದು. ಅವಳೂ ಎಣಿಸಿದಳು. ನಲವತ್ತೊಂದು. ಸುಣ್ಣ ಕಿತ್ತ ಗೋಡೆ ಮತ್ತೆ ಬೋಳಾಗಿ ನಿಂತಿತು. ಭಾನುವಾರ ಪೂರ್ತಿ ಅದರ ಮುಂದೆ ಕುಳಿತು ಹೊಸ ಅಫಿಡವಿಟ್ ಬರೆದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಹೋಗಿ ಅದನ್ನು ಟೈಪ್ ಮಾಡಿ ಮುಗಿಸಿದೆ. ಒಂಬತ್ತಕ್ಕೆ ದೊಡ್ಡವರ ಕೋಣೆಗೆ ಹೋದಾಗ ಅಡುಗೆಯಮ್ಮ ಆಗಲೇ ಎದುರಿನ ಕುರ್ಚಿಯಲ್ಲಿದ್ದರು. ಗುಮಾಸ್ತರು ಬಾಗಿಲ ಬಳಿ. ನಾನು ಕಾಗದವನ್ನು ಮೇಜಿನ ಮೇಲಿಟ್ಟೆ. ಏಳು ಪ್ಯಾರಾ, ಸಹಿ ಮಾಡಬೇಕಾದವರು ದೊಡ್ಡವರು. ಗೆರೆಯನ್ನು ತಾವೇ ಕಣ್ತಪ್ಪಿನಿಂದ ಎಳೆದದ್ದಾಗಿ ನಾಲ್ಕನೆಯದು. ಅದಕ್ಕೆ ಆಧಾರವಾಗಿ ನಲವತ್ತೊಂದು ಹಾಳೆ ಲಗತ್ತು ಎಂದು ಐದನೆಯದು. ಆರನೆಯದರಲ್ಲಿ ನನ್ನ ತಪ್ಪನ್ನೂ ಬಿಟ್ಟಿರಲಿಲ್ಲ: ಫೈಲು ಸ್ವೀಕರಿಸಿದ ಸಿಬ್ಬಂದಿ ಹಾಳೆಗಳನ್ನು ಎಣಿಸಲಿಲ್ಲ.

ದೊಡ್ಡವರು ಓದುತ್ತಾ ಕೆಂಪಾದರು. "ಇದೇನಿದು? ನಾನು ಹೇಳಿದ್ದೇನು, ನೀನು ತಂದಿರೋದೇನು? ಕೆಲಸ ಬೇಡ್ವಾ ನಿನಗೆ?"

"ಬೇಕು ಸಾರ್. ತುಂಬಾ ಬೇಕು. ಅದಕ್ಕೇ ಶುಕ್ರವಾರ ಸುಳ್ಳು ಬರೆದೆ. ಇವತ್ತು ಬರೆಯಲ್ಲ. ನೀವು ಸಹಿ ಮಾಡದಿದ್ರೆ ಈ ಅಮ್ಮನ ಕಾಗದದ ಮೇಲಿನ ಗೆರೆ ಬಗ್ಗೆ ಕಂಡದ್ದನ್ನ ನಾನೇ ಬರೆದು ಸಹಿ ಮಾಡಿ ಇವರ ಕೈಗೆ ಕೊಡ್ತೀನಿ."

"ಹೊರಗೆ ನಡಿ."

"ತಡೀರಿ" ಎಂದರು ಅಡುಗೆಯಮ್ಮ. ಅಷ್ಟು ಹೊತ್ತು ಸೆರಗಿನ ತುದಿ ಹಿಡಿದು ಕುಳಿತಿದ್ದವರು. "ನಂಗೆ ಅರ್ಥ ಆಗೋ ಹಾಗೆ ಹೇಳಿ. ನನ್ನ ಕಾಗದದ ಮೇಲೆ ಏನೋ ಗೆರೆ ಅಂತಿದೀರಲ್ಲ, ಯಾರು ಎಳೆದಿದ್ದು?"

ದೊಡ್ಡವರು ಗುಮಾಸ್ತರನ್ನು ನೋಡಿದರು. ಗುಮಾಸ್ತರು ತಮ್ಮ ಚಪ್ಪಲಿಯನ್ನು ನೋಡಿಕೊಂಡರು.

"ಅಮ್ಮ, ಅದು ಕಾನೂನಿನ ವಿಷಯ…"

"ಕಾನೂನು ಕೇಳ್ಲಿಲ್ಲ ಸ್ವಾಮಿ. ಯಾರು ಎಳೆದಿದ್ದು ಅಂತ ಕೇಳಿದೆ." ಕೈ ಚಾಚಿದರು. "ಕೊಡಿ ನನ್ನ ಕಾಗದ. ಇಷ್ಟು ಹೇಳೋಕೆ ಆಗದವರ ಹತ್ರ ನಾನು ಅದನ್ನ ಬಿಡಲ್ಲ. ಮೂವತ್ತೊಂದು ವರ್ಷ ನಾನು ಉಪ್ಪು ಜಾಸ್ತಿ ಹಾಕಿದ ದಿನ ನಾನೇ ಹಾಕಿದೆ ಅಂತ ಹೇಳಿದೀನಿ."

ಬಾಗಿಲ ಆಚೆ ಇಬ್ಬರು ಜೂನಿಯರ್‌ಗಳು ಕಿವಿಯಾಗಿದ್ದರು. ದೊಡ್ಡವರು ಕೊನೆಗೆ ಕಾಗದವನ್ನು ಹತ್ತಿರ ಎಳೆದುಕೊಂಡರು. "ನಾನೇ ಅಮ್ಮ" ಎಂದರು. ದನಿ ಬಾಯಿಂದ ಹೊರಟು ಮೇಜು ದಾಟಿತೋ ಇಲ್ಲವೋ. "ನೋಡದೆ ಎಳೆದುಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿ ದನಿ ಗಟ್ಟಿ ಮಾಡಿಕೊಂಡರು. "ಸಹಿ ಹಾಕ್ತೀನಿ. ಆದ್ರೆ ಈ ಏಳನೇ ಪ್ಯಾರಾ ಬೇಡ. ಕೋರ್ಟಿಗೂ ಇದಕ್ಕೂ ಸಂಬಂಧ ಇಲ್ಲ."

ಏಳನೆಯದು ಎರಡೇ ವಾಕ್ಯ. ದೊಡ್ಡವರ ಕೈ ಜೇಬಿಗೆ ಹೋಯಿತು, ಹಸಿರು ಪೆನ್ನು ಹೊರಬಂತು, ಮುಚ್ಚಳ ಬಿಚ್ಚಿತು, ತುದಿ ಏಳನೇ ಪ್ಯಾರಾದ ಎಡಮೂಲೆಗೆ ಬಂದು ತಾಗಿತು. ಅದೇ ಕೈ, ಅದೇ ಓರೆ. ಅವರಿಗೆ ಅದರ ಅರಿವೂ ಇರಲಿಲ್ಲ.

ನಾನು ಅಂಗೈಯನ್ನು ಅಗಲಿಸಿ ಆ ಪ್ಯಾರಾದ ಮೇಲಿಟ್ಟೆ.

"ಗೆರೆ ಎಳೀಬೇಡಿ ಸಾರ್. ಸಹಿ ಕೆಳಗೆ ಹಾಕಬೇಕು. ಅದೇ ಪೆನ್ನಲ್ಲೇ ಹಾಕಿ."

ನನ್ನ ಕೈ ಅಲ್ಲಿಂದ ಏಳಲಿಲ್ಲ. ಅವರು ಅದನ್ನು ಸುತ್ತಿ ಬಂದು ಕೆಳಗೆ ಸಹಿ ಮಾಡಿದರು. ಸಹಿಯ ಕೊನೆಗೂ ಒಂದು ಕೊಕ್ಕೆ ಇತ್ತು.

ಮೆಟ್ಟಿಲಡಿಯ ನೋಟರಿ ನನ್ನ ಗುರುತು ಹಿಡಿದರು. ಅವತ್ತು ಸೀಲು ಎತ್ತುವ ಮೊದಲು ದೊಡ್ಡವರ ಮುಖವನ್ನು ನೆಟ್ಟಗೆ ನೋಡಿ, "ಬರೆದಿರೋದೆಲ್ಲ ನಿಜಾನಾ?" ಎಂದು ಬಿಡಿಸಿ ಕೇಳಿದರು. ದೊಡ್ಡವರು ನಿಜ ಎಂದರು. ಮಧ್ಯಾಹ್ನ ಎದುರು ಪಕ್ಷದವರು ನಾನಂದುಕೊಂಡದ್ದನ್ನೇ ಹೇಳಿದರು. ನ್ಯಾಯಾಧೀಶರು ನಲವತ್ತೊಂದು ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಗೆರೆಯ ಬದಿಯನ್ನೂ ನೋಡಿದರು, ನೀಲಿ ಮರಗಳ ಬದಿಯನ್ನೂ ನೋಡಿದರು. ಕೇಸು ಮುಗಿಯುವವರೆಗೆ ಅಡುಗೆಯಮ್ಮನನ್ನು ಕೋಣೆಯಿಂದ ಎಬ್ಬಿಸುವಂತಿಲ್ಲ ಎಂದು ಆಜ್ಞೆಯಾಯಿತು. ಕಾರಿಡಾರಿನಲ್ಲಿ ದೊಡ್ಡವರು ಪರಿಚಯದವರೊಬ್ಬರಿಗೆ, "ನಮ್ಮ ಆಫೀಸಲ್ಲಿ ಹೀಗೆ, ಏನಿದ್ರೂ ಮುಚ್ಚುಮರೆ ಇಲ್ಲ" ಎನ್ನುತ್ತಿದ್ದರು. ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೂರು ವಾರದ ನಂತರ ನನಗೆ ಪತ್ರ ಬಂತು. ಕಾಯಂ ಮಾಡಿದ್ದಲ್ಲ. ಪರೀಕ್ಷೆಯ ಅವಧಿಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಿದ್ದು. ಕಾರಣ ಬರೆದಿರಲಿಲ್ಲ, ಅದನ್ನು ಬರೆಯುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಅಣ್ಣನಿಗೆ ಫೋನು ಮಾಡಿ, "ಮೂರು ತಿಂಗಳು ಮುಗೀತು, ನಾನು ಇಲ್ಲೇ ಇದೀನಿ" ಎಂದಷ್ಟೇ ಹೇಳಿದೆ. ಈಗ ಗುಮಾಸ್ತರು ಫೈಲು ಕೊಟ್ಟರೆ ಅವರ ಮುಂದೆಯೇ ಬೆರಳಿಗೆ ನೀರು ಮುಟ್ಟಿಸಿಕೊಂಡು ಒಂದೊಂದೇ ಹಾಳೆ ಎಣಿಸುತ್ತೇನೆ. ಅವರು ನಿಂತುಕೊಂಡಿರುತ್ತಾರೆ. ಪ್ಯಾರಾಚೂಟ್ ಅಮ್ಮ ಎನ್ನುವುದನ್ನು ಬಿಟ್ಟಿಲ್ಲ, ಎಣಿಸಿ ಮುಗಿಯುವವರೆಗೆ ಕದಲುವುದೂ ಇಲ್ಲ.

ಆದರೆ ಹೇಳಬೇಕಾದ್ದು ಆ ಸೋಮವಾರದ ಸಂಜೆಯದು. ಕಡ್ಡಿ ಶಾಲೆಯಿಂದ ಬಂದು ಕಪಾಟುಗಳ ನಡುವೆ ಹೋಗಲಿಲ್ಲ. ನನ್ನ ಮೇಜಿನ ಪಕ್ಕ ನಿಂತು, "ಏನ್ ಬರ್ದಿದೀಯಾ, ತೋರ್ಸು" ಎಂದಳು. ನೋಟರಿಯ ಸೀಲು ಬಿದ್ದ ಪ್ರತಿಯನ್ನು ಅವಳ ಮುಂದಿಟ್ಟು ಏಳನೇ ಪ್ಯಾರಾವನ್ನು ತೋರಿಸಿದೆ. ಎಲ್ಲರೂ ಅವರವರ ಜಾಗದಲ್ಲಿದ್ದರು. ದೊಡ್ಡವರ ಕೋಣೆಯ ಬಾಗಿಲು ತೆರೆದಿತ್ತು.

ಕಡ್ಡಿ ಬೆರಳಿಟ್ಟು ಓದಿದಳು. "ಸದರಿ ಗೆರೆಗೆ… ಆ ಮಗು… ಯಾವ ರೀತಿಯಲ್ಲೂ ಕಾರಣಳಲ್ಲ. ಅವಳು… ತನಗೆ ಹೇಳಿದಂತೆಯೇ… ನಡೆದುಕೊಂಡಿದ್ದಾಳೆ… ಮತ್ತು ನಿಜವನ್ನೇ… ಹೇಳಿದ್ದಾಳೆ."

ಓದಿ ನನ್ನ ಮುಖ ನೋಡಿದಳು. ಗುಮಾಸ್ತರು ಟೈಪಿಸುವುದನ್ನು ನಿಲ್ಲಿಸಿದ್ದರು. ಒಳಗೆ ದೊಡ್ಡವರು ಫೋನನ್ನು ಕಿವಿಗೆ ಹಿಡಿದಿದ್ದರು, ಆದರೆ ಮಾತಾಡುತ್ತಿರಲಿಲ್ಲ.

"ಇನ್ನೊಂದ್ಸಲ ಓದು" ಎಂದೆ. "ಸ್ವಲ್ಪ ಜೋರಾಗಿ."